ಐದನೇ ತಾರೀಖು

ಹನ್ನೊಂದೂವರೆ ವರ್ಷ, ಪ್ರತಿ ತಿಂಗಳ ಐದನೇ ತಾರೀಖು ನನ್ನ ಫೋನಿಗೆ ಒಂದು ಮೆಸೇಜು ಬರುತ್ತಿತ್ತು. ಖಾತೆಯಿಂದ 21,964 ರೂಪಾಯಿ ಹೋಯಿತು ಅಂತ. ಆ ಹೊತ್ತಿಗೆ ನಾನು ರೈಲಿನಲ್ಲಿ, ಹೆಚ್ಚಾಗಿ ದಾಬಸ್‌ಪೇಟೆ ದಾಟಿ, ಯಾರದೋ ಬ್ಯಾಗು ಬೆನ್ನಿಗೆ ಒತ್ತಿಸಿಕೊಂಡು ನಿಂತಿರುತ್ತಿದ್ದೆ. ತುಮಕೂರಿನಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ. ಬೆಂಗಳೂರಿನಲ್ಲಿ ಸೈಟು ಕೊಳ್ಳೋಕಾಗದವರು ರೈಲ್ವೆ ಪಾಸು ಕೊಳ್ಳುತ್ತಾರೆ, ಅಷ್ಟೇ.

ಕೆಲಸ ಅಕೌಂಟ್ಸ್. ಒಂದು ಸಣ್ಣ ಖಾಸಗಿ ಕಂಪನಿ. ಆಫೀಸಿನ ಪುಸ್ತಕದಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೂ ನನಗೆ ರಾತ್ರಿ ನಿದ್ದೆ ಬರಲ್ಲ. ಅಂಥವಳು ಸ್ವಂತ ಮನೆಯ ಲೆಕ್ಕದಲ್ಲಿ ಎಡವಿದ್ದನ್ನು ಇವತ್ತು ಬರೆಯೋಕೆ ಕೂತಿದ್ದೇನೆ. ಯಾಕೆಂದರೆ ಆಫೀಸಿನ ಹುಡುಗಿಯರು, ರೈಲಿನ ಹುಡುಗಿಯರು ಎಲ್ಲರದೂ ಒಂದೇ ಪ್ರಶ್ನೆ. "ಅಕ್ಕ, ಬೋನಸ್ ಬಂತು. ಹೋಮ್ ಲೋನಿಗೆ ಕಟ್ಟಿಬಿಡ್ಲಾ, ಇಲ್ಲಾ ಮುಂದಕ್ಕೆ ಅಂತ ಇಡ್ಲಾ?" ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿದೆ.

ನಾವು ಮನೆ ಕೊಂಡಿದ್ದು 2012ರಲ್ಲಿ. ಕ್ಯಾತ್ಸಂದ್ರದ ಹತ್ತಿರ, 30-40 ಸೈಟಿನಲ್ಲಿ ಕಟ್ಟಿ ಮುಗಿಸಿದ್ದ ಮನೆ. ಸಾಲ 22 ಲಕ್ಷ, ಅವಧಿ 20 ವರ್ಷ, ಬಡ್ಡಿ ಶೇ. 10.5. ನನಗಾಗ 38. ಕೊನೆ ಕಂತು ಕಟ್ಟುವಾಗ 58. ಬ್ಯಾಂಕಿನ ಮ್ಯಾನೇಜರ್ ಒಂದೊಂದೇ ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾ, "ಕರೆಕ್ಟಾಗಿ ರಿಟೈರ್‌ಮೆಂಟಿಗೆ ಮುಗಿಯುತ್ತೆ ಮೇಡಂ" ಅಂದರು. ಒಳ್ಳೆ ಸುದ್ದಿ ಹೇಳಿದ ಹಾಗೆ. ಅಂದರೆ ಸಂಬಳ ನಿಲ್ಲೋ ತಿಂಗಳವರೆಗೂ ಕಂತು ಕಟ್ಟುತ್ತಲೇ ಇರಬೇಕು. ಇವರದು, ಅಂದರೆ ನನ್ನ ಯಜಮಾನರದು, ಎಲೆಕ್ಟ್ರಿಕಲ್ ಸಾಮಾನಿನ ಚಿಕ್ಕ ಅಂಗಡಿ. ಪಿಎಫ್ ಇಲ್ಲ, ಪೆನ್ಷನ್ ಇಲ್ಲ. ಇದ್ದದ್ದು ಅಂಚೆ ಕಚೇರಿಯಲ್ಲಿ 2011ರ ಡಿಸೆಂಬರ್‌ನಲ್ಲಿ ತೆರೆದ ಒಂದು ಪಿಪಿಎಫ್ ಖಾತೆ, ದೀರ್ಘಾವಧಿಯ ಸರ್ಕಾರಿ ಉಳಿತಾಯ.

ಮೊದಲ ಕಂತು ಕಟ್ಟಿದ ದಿನ ವಿವರ ತೆಗೆಸಿ ನೋಡಿದೆ. 21,964ರಲ್ಲಿ ಬಡ್ಡಿ 19,250. ಅಸಲಿಗೆ ಹೋದದ್ದು 2,714. ಕಂತಿನ ಲೆಕ್ಕ ಹೀಗೇ ಇರುತ್ತೆ ಅಂತ ನನಗೆ ಗೊತ್ತಿಲ್ಲದ್ದೇನಲ್ಲ, ಕಾಲೇಜಿನಲ್ಲೇ ಓದಿದ್ದೆ. ಆದರೂ ಸ್ವಂತ ಹೆಸರಿನ ಕೆಳಗೆ ನೋಡಿದಾಗ ಹೊಟ್ಟೆಯೊಳಗೆ ಏನೋ ಆಯಿತು. ವರ್ಷದ ಕೊನೆಗೆ 2,63,568 ಕಟ್ಟಿದ್ದೆವು. ಸಾಲ ಇಳಿದಿದ್ದು 34 ಸಾವಿರದ ಚಿಲ್ಲರೆ.

ಅಪ್ಪನಿಗೆ ತೋರಿಸಿದೆ. ಅಪ್ಪ ಪ್ರೈಮರಿ ಸ್ಕೂಲ್ ಹೆಡ್ ಮಾಸ್ಟರ್ ಆಗಿ 2001ರಲ್ಲಿ ನಿವೃತ್ತಿ ಆದವರು. ಕನ್ನಡಕ ಏರಿಸಿ ಒಂದು ಸಲ ನೋಡಿದರು. "ಸಾಲ ಅಂದ್ರೆ ಮನೇಲಿ ಹಾವು ಇಟ್ಕೊಂಡಂಗೆ ಕಣಮ್ಮ. ಮೊದ್ಲು ಅದನ್ನ ಆಚೆ ಹಾಕು. ಉಳಿತಾಯ ಗಿಳಿತಾಯ ಎಲ್ಲ ಆಮೇಲೆ."

ಸರಿ, ಹಾವನ್ನು ಆಚೆ ಹಾಕೋದೇ ನಮ್ಮ ವ್ರತ ಆಯಿತು.

ಒಂದು ಅನುಕೂಲ ಇತ್ತು. ಅದಕ್ಕೂ ಮುಂಚೆ ಅವಧಿಗೆ ಮೊದಲೇ ಸಾಲ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುತ್ತಿದ್ದವು. ನಾವು ಸಾಲ ತಗೊಂಡ 2012ರ ಜೂನ್‌ನಲ್ಲೇ ಆರ್‌ಬಿಐ, ಫ್ಲೋಟಿಂಗ್ (ಆಗಾಗ ಏರಿಳಿಯೋ) ಬಡ್ಡಿಯ ಮನೆ ಸಾಲಕ್ಕೆ ಅಂಥ ದಂಡ ಹಾಕುವಂತಿಲ್ಲ ಅಂತ ಬ್ಯಾಂಕುಗಳಿಗೆ ಹೇಳಿತ್ತು. ಹಾಗಾಗಿ 2014ರಲ್ಲಿ ಬೋನಸ್ಸಿನ 50,000 ಹಿಡಿದುಕೊಂಡು ಧೈರ್ಯವಾಗಿ ಹೋದೆ. ಕೌಂಟರಿನಲ್ಲಿ ದುಡ್ಡು ತಗೊಂಡರು. ಮುಂದಿನ ತಿಂಗಳು ನೋಡಿದರೆ ಕಂತು ಕಡಿಮೆ ಆಗಿದೆ, ಅವಧಿ ಹಾಗೇ ಇದೆ! ಕಂತು ಇಳಿಸಿ ಅಂತ ಯಾರು ಕೇಳಿದ್ದರು? ಮತ್ತೆ ಹೋಗಿ, "ಕಂತು ಮೊದಲಿನಷ್ಟೇ ಇರಲಿ, ಅವಧಿ ಕಡಿಮೆ ಮಾಡಿ" ಅಂತ ಬರೆದುಕೊಟ್ಟು, ಪ್ರತಿಗೆ ಸೀಲು ಹಾಕಿಸಿಕೊಂಡು ಬಂದೆ. ಆಮೇಲೆ ಪ್ರತಿ ಸಲವೂ ಹಾಗೇ. ಇದೊಂದನ್ನು ಮಾತ್ರ ಯಾರು ಕೇಳಲಿ ಕೇಳದಿರಲಿ ಹೇಳುತ್ತೇನೆ. ಬಾಯಿಮಾತಲ್ಲಿ ಬಿಡಬೇಡಿ, ಬರೆದುಕೊಡಿ.

ಆ 50,000 ಏನು ಮಾಡಿತು ಅಂತ ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ಇನ್ನೂ 18 ವರ್ಷ ಬಾಕಿ ಇದ್ದಾಗ, 10.5 ಬಡ್ಡಿಯಲ್ಲಿ, ಅದು ಕೊನೆಯ ಸುಮಾರು 14 ಕಂತುಗಳನ್ನು ಕತ್ತರಿಸುತ್ತೆ. ಅಂದರೆ ಮೂರು ಲಕ್ಷದ ಕಂತು. ಅದೇ 50,000ವನ್ನು ಕೊನೇ ಎರಡು ವರ್ಷದಲ್ಲಿ ಕಟ್ಟಿದರೆ ಎರಡೋ ಮೂರೋ ಕಂತು ಕಡಿಮೆಯಾದೀತು. ಇದನ್ನು ನೋಡಿದ ಮೇಲೆ ನನಗೆ ಹುಚ್ಚು ಹಿಡಿಯಿತು. ಸೀರೆ ಇಲ್ಲ, ಪ್ರವಾಸ ಇಲ್ಲ. ಇವರ ಪಿಪಿಎಫ್‌ಗೆ ವರ್ಷಕ್ಕೆ 500 ರೂಪಾಯಿ ಮಾತ್ರ. ಖಾತೆ ಸಾಯದೆ ಇರೋಕೆ ಬೇಕಾದ ಕನಿಷ್ಠ ಮೊತ್ತ ಅದು. ಮಾರ್ಚ್ ಕೊನೆ ವಾರ ಅಂಚೆ ಕಚೇರಿಗೆ ಹೋಗಿ ಒಂದು ಐನೂರರ ನೋಟು ಕೊಟ್ಟು ಬರುತ್ತಿದ್ದರು ಇವರು. ಆ ಕೌಂಟರಿನಾಕೆ ಇವರ ಮುಖ ನೋಡಿ ನಗುತ್ತಿದ್ದಳಂತೆ.

ಆ 500ರ ವರ್ಷಗಳ ಬಗ್ಗೆ ನನಗೆ ಪಶ್ಚಾತ್ತಾಪ ಇಲ್ಲ. ಆಗ ಪಿಪಿಎಫ್ ಕೊಡುತ್ತಿದ್ದದ್ದು 8.7ರ ಆಸುಪಾಸು. ಸಾಲ ತಿನ್ನುತ್ತಿದ್ದದ್ದು ಹತ್ತರ ಮೇಲೆ. ಎಂಟೂಮುಕ್ಕಾಲು ಸಿಗುತ್ತೆ ಅಂತ ಅಲ್ಲಿಡೋದು, ಇಲ್ಲಿ ಹತ್ತೂವರೆ ಕೊಡೋದು, ಇದು ಯಾವ ಲೆಕ್ಕ? "ಟ್ಯಾಕ್ಸ್ ಬೆನಿಫಿಟ್ ಹೋಗುತ್ತೆ, ಸಾಲ ಬೇಗ ತೀರಿಸಬೇಡಿ" ಅನ್ನೋರು ಆಫೀಸಿನಲ್ಲಿ ಬೇಕಾದಷ್ಟು ಜನ ಇದ್ದರು. ಮನೆ ಸಾಲದ ಬಡ್ಡಿಗೆ ವರ್ಷಕ್ಕೆ ಎರಡು ಲಕ್ಷದವರೆಗೆ ವಿನಾಯಿತಿ ಇತ್ತು, ನಿಜ. ಆದರೆ ಶೇ. 20ರ ಸ್ಲ್ಯಾಬಿನವರಿಗೂ ಅದು ನೂರು ರೂಪಾಯಿ ಬಡ್ಡಿ ಕೊಟ್ಟು ಇಪ್ಪತ್ತು ರೂಪಾಯಿ ತೆರಿಗೆ ಉಳಿಸಿದ ಹಾಗೆ. ನನ್ನ ಸಂಬಳಕ್ಕೆ ಅಷ್ಟೂ ಇರಲಿಲ್ಲ. ಅಸಲಿನ ಮೇಲೆ ಸಿಗೋ 80ಸಿ ತೆರಿಗೆ ವಿನಾಯಿತಿಯ ಮಿತಿಯಂತೂ ಪಿಎಫ್, ಎಲ್‌ಐಸಿ, ಮಗಳ ಸ್ಕೂಲ್ ಫೀಸಿನಲ್ಲೇ ತುಂಬಿಹೋಗುತ್ತಿತ್ತು.

ತಪ್ಪಿದ್ದು 2016ರಲ್ಲಿ.

ಏಪ್ರಿಲ್ ತಿಂಗಳು. ನಾಲ್ಕು ವರ್ಷದ ಹತ್ತಿರ ಹತ್ತಿರ ಆಗಿತ್ತು. ಬೋನಸ್ಸೂ ಸೇರಿ ಹತ್ತು ಲಕ್ಷಕ್ಕೂ ಜಾಸ್ತಿ ಕಟ್ಟಿದ್ದೆವು. ಸಾಲ ಇನ್ನೂ ಹತ್ತೊಂಬತ್ತೂವರೆ ಲಕ್ಷದ ಮೇಲೇ ಕೂತಿತ್ತು. ನನ್ನ ಪಿಎಫ್‌ನಲ್ಲಿ ಆಗ 6 ಲಕ್ಷ ಚಿಲ್ಲರೆ. 2002ರಿಂದ ಸೇರಿದ್ದು. ಆಗಿನ ನಿಯಮದಂತೆ ಹತ್ತು ವರ್ಷ ಸದಸ್ಯರಾಗಿದ್ದರೆ ಮನೆ ಸಾಲ ತೀರಿಸೋಕೆ ಪಿಎಫ್ ತೆಗೆಯಬಹುದು ಅಂತ ಗೊತ್ತಿತ್ತು. ಪಿಎಫ್ ಬಡ್ಡಿ 8.8, ಸಾಲದ್ದು 9.7. ಒಂಬತ್ತು ಪೈಸೆ ವ್ಯತ್ಯಾಸ ಕಂಡರೂ ಬಿಡದ ಅಕೌಂಟೆಂಟ್ ನಾನು, ಒಂದು ಪರ್ಸೆಂಟ್ ಬಿಡ್ತೀನಾ? ಅಪ್ಪನಿಗೂ ಒಪ್ಪಿಗೆ. ನಾಲ್ಕು ಲಕ್ಷ ತೆಗೆದು ಸಾಲಕ್ಕೆ ಹಾಕಿದೆ. ಇವರು ಒಂದೇ ಮಾತು ಕೇಳಿದ್ದು. "ನಾಳೆ ಏನಾದ್ರೂ ಬಂದ್ರೆ?" ನಾನು ಎಕ್ಸೆಲ್ ತೋರಿಸಿದೆ. ಎಕ್ಸೆಲ್‌ನಲ್ಲಿ "ಏನಾದ್ರೂ" ಅನ್ನೋದಕ್ಕೆ ಕಾಲಮ್ ಇರಲಿಲ್ಲ.

ಬಂತು. 2018ರ ಸೆಪ್ಟೆಂಬರ್. ಗೌರಿ ಹಬ್ಬದ ಮುಂದಿನ ವಾರ. ಇವರು ಅಂಗಡಿಯ ಏಣಿಯ ಮೇಲೆ ನಿಂತು ಫ್ಯಾನ್ ಡಬ್ಬ ಇಳಿಸುತ್ತಿದ್ದವರು ಬೆವರಿ ಕೂತುಬಿಟ್ಟರು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಎರಡು ಸ್ಟೆಂಟ್. ಬಿಲ್ಲು 2 ಲಕ್ಷ 60 ಸಾವಿರ. ನನ್ನ ಕಂಪನಿಯ ವಿಮೆಯಲ್ಲಿ ಒಂದು ಲಕ್ಷ ಬಂತು. ಕೈಯಲ್ಲಿ ಹತ್ತು ಸಾವಿರ ಇತ್ತು.

ಬ್ಯಾಂಕಿಗೆ ಹೋಗಿ, ಹೆಚ್ಚುವರಿ ಕಟ್ಟಿದ್ದರಲ್ಲಿ ಸ್ವಲ್ಪ ವಾಪಸ್ ಸಿಗುತ್ತಾ ಅಂತ ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಿತ್ತು. ಸಾಲದ ಖಾತೆಗೆ ಹೋದ ದುಡ್ಡು ಹೋಯಿತು. ಓವರ್‌ಡ್ರಾಫ್ಟ್ ಥರದ ಮನೆ ಸಾಲ ಅಂತ ಒಂದಿದೆ. ಹೆಚ್ಚುವರಿ ಹಾಕಿದಷ್ಟಕ್ಕೆ ಬಡ್ಡಿ ಬೀಳಲ್ಲ, ಬೇಕಾದಾಗ ತೆಗೆಯಲೂಬಹುದು. ನಮ್ಮದು ಅದಲ್ಲ. ಟಾಪ್-ಅಪ್ ಲೋನ್ ಕೊಡ್ತೀವಿ ಮೇಡಂ, ಒಂದೆರಡು ವಾರ ಆಗುತ್ತೆ ಅಂದರು. ಒಂದೆರಡು ವಾರ!

ಹಾಗಾಗಿ ಚಿನ್ನ. ನಾಲ್ಕು ಬಳೆ, ಒಂದು ಉದ್ದ ಸರ. ಬಳೆ ಬಲಗೈಯಿಂದ ಬರಲಿಲ್ಲ. ಮದುವೆಯಾದಾಗಿನಿಂದ ತೆಗೆದಿರಲಿಲ್ಲ, ಕೈ ದಪ್ಪ ಆಗಿತ್ತು. ಬಚ್ಚಲಲ್ಲಿ ಕೂತು ಸೋಪು ಹಚ್ಚಿಕೊಂಡು ಎಳೆದೆ. ಗಿಣ್ಣಿನ ಹತ್ತಿರ ಚರ್ಮ ತರಚಿತು. ಗೋಲ್ಡ್ ಲೋನ್ ಆಫೀಸಿನಲ್ಲಿ ಒಬ್ಬ ಹುಡುಗ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು, ಬಳೆಯ ಅಂಚನ್ನು ಒರೆಗಲ್ಲಿಗೆ ತಿಕ್ಕಿ, ಮೇಲೆ ಒಂದು ಹನಿ ಆಸಿಡ್ ಬಿಟ್ಟು ನೋಡಿದ. ಗೆರೆ ಮಾಸಲಿಲ್ಲ. ತಕ್ಕಡಿಯಲ್ಲಿ 76 ಗ್ರಾಂ ಬಂತು. ಬಳೆಯ ಒಳಗೆ ಅಂಟಿದ್ದ ಸೋಪಿನ ನೊರೆಯನ್ನು ಅವನು ಬಟ್ಟೆಯಲ್ಲಿ ಒರೆಸಿ ಮತ್ತೆ ತೂಗಿದ. ಒಂದೂವರೆ ಲಕ್ಷ, ಬಡ್ಡಿ ಶೇ. 12.

ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದೆ, ಸುಮ್ನೆ ಕೂರೋಕೆ ಬರಲ್ಲವಲ್ಲ. 8.8 ಗಳಿಸುತ್ತಿದ್ದ ನಾಲ್ಕು ಲಕ್ಷವನ್ನು 9.7ರ ಸಾಲ ಉಳಿಸೋಕೆ ಅಂತ ಖಾಲಿ ಮಾಡಿದವಳು, ಈಗ 12ಕ್ಕೆ ಸಾಲ ತಂದಿದ್ದೇನೆ. ಬಳೆ ಬಿಡಿಸಿಕೊಳ್ಳೋಕೆ 14 ತಿಂಗಳು ಹಿಡಿಯಿತು.

ಇತ್ತೀಚೆಗೆ ಕೂತು ಆ ನಾಲ್ಕು ಲಕ್ಷದ ಜಾತಕ ಬರೆದೆ. ಪಿಎಫ್‌ನಲ್ಲೇ ಬಿಟ್ಟಿದ್ದರೆ, ವರ್ಷ ವರ್ಷ ಘೋಷಣೆಯಾದ ಬಡ್ಡಿ (ಒಂದು ವರ್ಷ 8.65, ಕಡಿಮೆ ಅಂದರೆ 8.1) ಸೇರಿಸುತ್ತಾ ಹೋದರೆ, 2025ರ ಮಾರ್ಚ್‌ಗೆ 8 ಲಕ್ಷ 26 ಸಾವಿರ. ಸಾಲದ ಕಡೆ ಉಳಿದ ಬಡ್ಡಿ ಹಾಕಿದರೂ ಹೆಚ್ಚುಕಮ್ಮಿ ಅಲ್ಲಿಗೇ ಬರುತ್ತೆ. ಮಧ್ಯೆ ಸಾಲದ ಬಡ್ಡಿ ಇಳಿದದ್ದರಿಂದ ಸ್ವಲ್ಪ ಕಡಿಮೆಯೇ. ಹಾಗಾಗಿ ಲೆಕ್ಕದಲ್ಲಿ ನಾನು ದೊಡ್ಡ ನಷ್ಟ ಮಾಡಿಕೊಳ್ಳಲಿಲ್ಲ. ಆದರೆ ಆ ಉಳಿತಾಯ ನನ್ನ ಕೈಗೆ ಬಂದದ್ದು 2024ರಲ್ಲಿ. ಬೇಕಾಗಿದ್ದದ್ದು 2018ರಲ್ಲಿ.

ಇನ್ನೊಂದು ವಿಷಯವೂ ಆಗಲೇ ತಲೆಗೆ ಹೊಳೆದದ್ದು. ಇವರು ಆಸ್ಪತ್ರೆಯಿಂದ ಬಂದು ಮಲಗಿದ್ದಾಗ ಅಪ್ಪ ನೋಡೋಕೆ ಬಂದರು. ಜೇಬಿನಿಂದ ಇಪ್ಪತ್ತು ಸಾವಿರ ತೆಗೆದು ಕೊಟ್ಟರು. ಆ ತಿಂಗಳ ಪೆನ್ಷನ್ನಿನ ಬಹುಪಾಲು. "ಮುಂದಿನ್ ತಿಂಗಳು ಮತ್ತೆ ಬರುತ್ತಲ್ಲಮ್ಮ" ಅಂದರು. ಬರುತ್ತೆ. ಅವರಿಗೆ ಬರುತ್ತೆ. 2001ರಿಂದ ಬರುತ್ತಲೇ ಇದೆ, ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಏರುತ್ತಾ. ಈಗ ಅವರ ಪೆನ್ಷನ್ ಕೊನೇ ಸಂಬಳದ ಮೂರು ಪಟ್ಟು. "ಮೊದ್ಲು ಸಾಲ, ಉಳಿತಾಯ ಆಮೇಲೆ" ಅನ್ನೋದು ಅವರ ಬಾಯಲ್ಲಿ ನೂರಕ್ಕೆ ನೂರು ಸರಿಯಾದ ಮಾತು. ಅವರ ಮುಪ್ಪಿನ ಉಳಿತಾಯವನ್ನು ಸರ್ಕಾರ ಮಾಡುತ್ತಿತ್ತು. ಅವರು ಮಾಡಬೇಕಾಗಿದ್ದದ್ದು ಸಾಲ ಇಲ್ಲದೆ ಇರೋದು ಮಾತ್ರ.

ನನಗೆ ಬರೋ ಪೆನ್ಷನ್ನೂ ಲೆಕ್ಕ ಹಾಕಿದೆ. ಪಿಎಫ್ ಜೊತೆಗೆ ಬರುವ ಇಪಿಎಸ್. ಸಂಬಳ ಎಷ್ಟೇ ಇರಲಿ, 15,000ದ ಮಿತಿಯ ಮೇಲೆ ಮಾತ್ರ ಲೆಕ್ಕ. 2014ರ ಸೆಪ್ಟೆಂಬರಿಗಿಂತ ಹಿಂದಿನ ಸೇವೆಗೆ 6,500ರ ಮೇಲೆ. ಅದನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸಬೇಕು. ಮೂವತ್ತು ವರ್ಷ ದುಡಿದು 58ಕ್ಕೆ ಹೊರಬಂದರೆ ತಿಂಗಳಿಗೆ ಐದೂವರೆ ಸಾವಿರ ಮುಟ್ಟಿದರೆ ಪುಣ್ಯ. ಇವರಿಗೆ ಅದೂ ಇಲ್ಲ. ಅಟಲ್ ಪೆನ್ಷನ್ ಸೇರೋಣ ಅಂದರೆ, 2015ರಲ್ಲಿ ಅದು ಶುರುವಾದಾಗ 40ರ ಒಳಗಿನವರಿಗೆ ಮಾತ್ರ. ಇವರಿಗೆ 45.

ಅಪ್ಪನಿಗೆ ಇದನ್ನೆಲ್ಲ ಹೇಳಲಿಲ್ಲ. ಎಂಬತ್ತರ ಹತ್ತಿರದ ಮನುಷ್ಯನಿಗೆ ನಿಮ್ಮ ಮಾತು ಕೇಳಿ ಹೀಗಾಯಿತು ಅಂತ ಹೇಳೋದಾದರೂ ಹೇಗೆ? ಮಾತು ಕೇಳಿದವಳು ನಾನು, ಎಕ್ಸೆಲ್ ಹಾಕಿದವಳೂ ನಾನೇ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಬಳೆ ವಾಪಸ್ ಬಂದ ಮೇಲೆ ಮೊದಲು ಮಾಡಿದ್ದು ಆರು ತಿಂಗಳ ಖರ್ಚಿನಷ್ಟು ಎಫ್‌ಡಿ. ಅದಕ್ಕೆ "ಏನಾದ್ರೂ" ಅಂತಲೇ ಹೆಸರಿಟ್ಟಿದ್ದೇವೆ. 2018ರ ಕೊನೆಗೆ ಗೊತ್ತಾದ ಇನ್ನೊಂದು ಸಂಗತಿ, ಹೊಸದಾಗಿ ಸಾಲ ತಗೊಳ್ಳೋರಿಗೆ ನಮ್ಮ ಬ್ಯಾಂಕೇ ನಮಗಿಂತ ಕಡಿಮೆ ಬಡ್ಡಿಗೆ ಕೊಡುತ್ತಿತ್ತು. ನಾವು ಬೇಸ್ ರೇಟ್ ಅನ್ನೋ ಹಳೇ ಪದ್ಧತಿಯ ಬಡ್ಡಿಯಲ್ಲೇ ಬಿದ್ದಿದ್ದೆವು. ಯಾರೂ ಫೋನ್ ಮಾಡಿ ಹೇಳಲಿಲ್ಲ, ಹೇಳೋದೂ ಇಲ್ಲ. 5,900 ಕಟ್ಟಿ ಬದಲಾಯಿಸಿಕೊಂಡೆ. ಆಮೇಲೆ ರೆಪೊಗೆ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ ದರಕ್ಕೆ, ಜೋಡಿಸಿದ ಸಾಲ ಬಂದಾಗ ಅದಕ್ಕೆ ಹೋದೆ. 2020ರ ಮೇನಲ್ಲಿ ರೆಪೊ 4ಕ್ಕೆ ಇಳಿಯಿತು, ನಮ್ಮ ಸಾಲ 6.9ಕ್ಕೆ ಬಂತು. ಪಿಎಫ್ ಆ ವರ್ಷ 8.5 ಕೊಡುತ್ತಿತ್ತು. ಲೆಕ್ಕ ತಲೆಕೆಳಗಾಯಿತು. ಸಾಲಕ್ಕೆ ಹೆಚ್ಚುವರಿ ಕಟ್ಟೋದು ಪೂರ್ತಿ ನಿಲ್ಲಿಸಿದೆ. ಎಚ್‌ಆರ್‌ಗೆ ಪತ್ರ ಕೊಟ್ಟು ತಿಂಗಳಿಗೆ 5,000 ವಿಪಿಎಫ್, ಅಂದರೆ ಪಿಎಫ್‌ಗೆ ನಾವಾಗೇ ಹೆಚ್ಚಿಗೆ ಕಟ್ಟೋದು, ಶುರು ಮಾಡಿದೆ. ಹಳೇ ಗುಂಡಿ ಮುಚ್ಚೋಕೆ.

2022ರ ಮೇನಿಂದ ಮತ್ತೆ ತಿರುಗಿತು. ಒಂಬತ್ತು ತಿಂಗಳಲ್ಲಿ ರೆಪೊ 4ರಿಂದ 6.5. ನಮ್ಮದು ಅಷ್ಟರಲ್ಲಿ ಕರಗಿತ್ತು, ಬಿಸಿ ತಟ್ಟಲಿಲ್ಲ. ತಟ್ಟಿದ್ದು ರೈಲಿನ ಗೆಳತಿಗೆ. ಪಾಪ, 2021ರಲ್ಲಿ 6.8ಕ್ಕೆ 40 ಲಕ್ಷ ತಗೊಂಡಿದ್ದಳು. ಕಂತು 30,534. ಬಡ್ಡಿ 9.3 ಆದಾಗ ಬ್ಯಾಂಕು ಕಂತು ಮುಟ್ಟದೆ ಅವಧಿಯನ್ನಷ್ಟೇ ಎಳೆದಿತ್ತು. "ಕಂತು ಅಷ್ಟೇ ಇದೆ ಅಕ್ಕ, ಏನೂ ಆಗಿಲ್ಲ" ಅಂತ ಆರಾಮಾಗಿದ್ದಳು. ಹಿರೇಹಳ್ಳಿ ದಾಟೋ ಹೊತ್ತಿಗೆ ಅವಳ ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ತೋರಿಸಿದೆ. ಬಾಕಿ 38 ಲಕ್ಷ ಅಂದರೂ ಒಂದು ತಿಂಗಳ ಬಡ್ಡಿಯೇ 29,450. ಅವಳು ಕಟ್ಟೋ ಮೂವತ್ತು ಸಾವಿರದಲ್ಲಿ ಅಸಲಿಗೆ ಹೋಗ್ತಿರೋದು ಸಾವಿರದ ಚಿಲ್ಲರೆ. ಹೀಗೇ ಬಿಟ್ಟರೆ ಮೊಮ್ಮಕ್ಕಳು ಕಟ್ಟಬೇಕಾಗುತ್ತೆ. ಮಾರನೇ ದಿನವೇ ಹೋಗಿ ಕಂತು ಏರಿಸಿಕೊಂಡು ಬಂದಳು. 2023ರ ಆಗಸ್ಟ್‌ನಲ್ಲಿ ಆರ್‌ಬಿಐ, ಬಡ್ಡಿ ಬದಲಾದಾಗ ಕಂತು ಏರಿಸಬೇಕಾ, ಅವಧಿ ಏರಿಸಬೇಕಾ ಅಂತ ಗ್ರಾಹಕರನ್ನು ಕೇಳಲೇಬೇಕು ಅಂತ ಬ್ಯಾಂಕುಗಳಿಗೆ ಹೇಳಿತು. ಇಂಥವಳಿಗೆ ಹೀಗೆ ಸಾಲದ ಕಡೆ ಜಾಸ್ತಿ ಕಟ್ಟು ಅಂದೆ. ಅದೇ ವಾರ ಇನ್ನೊಬ್ಬಳಿಗೆ ಬೇಡ ಅಂದೆ. ಅವಳ ಹತ್ತಿರ ತುರ್ತಿಗೆ ಅಂತ ಐದು ಸಾವಿರವೂ ಇರಲಿಲ್ಲ. ಇಬ್ಬರೂ ಒಂದೇ ಸೀಟಿನಲ್ಲಿ ಕೂತು, "ಅಕ್ಕ ಇವಳಿಗೊಂದು ನನಗೊಂದು ಹೇಳ್ತಾರೆ" ಅಂತ ನಕ್ಕರು.

ನಮ್ಮ ಸಾಲ ಮುಗಿದದ್ದು 2024ರ ಜನವರಿಯಲ್ಲಿ. ಬಾಕಿ ಉಳಿದಿದ್ದ 1,38,000 ಒಟ್ಟಿಗೇ ಕಟ್ಟಿದೆ. ಬಡ್ಡಿ 9.4 ಇತ್ತು, ಪಿಎಫ್‌ಗಿಂತ ಜಾಸ್ತಿ. "ಏನಾದ್ರೂ" ಎಫ್‌ಡಿ ಮುಟ್ಟಲಿಲ್ಲ. ಅವತ್ತು ಇವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಿದರು. ಬೆಣ್ಣೆ ಇಲ್ಲದೆ, ಡಾಕ್ಟರ್ ಬೇಡ ಅಂದಿದ್ದಾರಲ್ಲ.

ಸಾಲ ತೀರಿಸಿ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು, ಬ್ಯಾಂಕು ತನ್ನ ತಪ್ಪಿನಿಂದ ತಡ ಮಾಡಿದರೆ ದಿನಕ್ಕೆ 5,000 ಪರಿಹಾರ ಅನ್ನೋ ನಿಯಮ ಆಗಷ್ಟೇ, 2023ರ ಡಿಸೆಂಬರ್ 1ರಿಂದ, ಜಾರಿಯಾಗಿತ್ತು. ನಮ್ಮದು 26ನೇ ದಿನ ಬಂತು. (ನಾನು 31ನೇ ದಿನಕ್ಕೆ ಕಾಯುತ್ತಿದ್ದೆ ಅಂತ ಇವರು ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ. ಸುಳ್ಳಲ್ಲ.) ಕ್ರಯಪತ್ರದ ಮೂಲೆಯ ಪಿನ್ನು ತುಕ್ಕು ಹಿಡಿದು ಹಾಳೆಯ ಮೇಲೆ ಕಂದು ಗುರುತು ಬಿದ್ದಿತ್ತು. ಕೊನೇ ಪುಟದಲ್ಲಿ ಸಾಕ್ಷಿ ಅಂತ ಅಪ್ಪನ ಸಹಿ. ಕರಿಹಲಗೆ ಮೇಲೆ ಬರೆಯೋ ಥರದ ಗುಂಡು ಅಕ್ಷರ, ಪೂರ್ತಿ ಹೆಸರು. ಪತ್ರ ಕೈಗೆ ಬಂತು ಅಂದರೆ ಮುಗಿಯಿತು ಅಂದುಕೊಳ್ಳಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬ್ಯಾಂಕಿನ ಅಡಮಾನ ರದ್ದು ಮಾಡಿಸಿ, ಇಸಿ (ಆಸ್ತಿಯ ಮೇಲಿನ ಋಣಭಾರದ ಪ್ರಮಾಣಪತ್ರ) ತೆಗೆಸಿ, ಅದರಲ್ಲಿ ಸಾಲ ತೀರಿದ್ದು ನಮೂದಾಗಿದೆಯಾ ಅಂತ ಕಣ್ಣಾರೆ ನೋಡಬೇಕು. ನಮ್ಮ ಬೀದಿಯಲ್ಲೇ ಒಬ್ಬರು ಸಾಲ ತೀರಿಸಿ ಆರು ವರ್ಷ ಆದಮೇಲೆ, ಮನೆ ಮಾರೋಕೆ ಹೋದಾಗ ಇಸಿಯಲ್ಲಿ ಅಡಮಾನ ಹಾಗೇ ಇತ್ತು.

ಈಗ ಆ 21,964 ಹಂಚಿಹೋಗುತ್ತೆ. 12,000 ನನ್ನ ವಿಪಿಎಫ್‌ಗೆ. ಪಿಎಫ್ ಕಂತೂ ಸೇರಿ ವರ್ಷಕ್ಕೆ ಎರಡೂವರೆ ಲಕ್ಷ ದಾಟದ ಹಾಗೆ ನೋಡಿಕೊಳ್ಳುತ್ತೇನೆ, ದಾಟಿದ ಭಾಗದ ಬಡ್ಡಿಗೆ ತೆರಿಗೆ ಇದೆ. 7,000 ಇವರ ಪಿಪಿಎಫ್‌ಗೆ. ಐನೂರರ ನೋಟಿನ ಆ ಖಾತೆ 2027ರಲ್ಲಿ ಬಲಿಯುತ್ತೆ, ಇನ್ನೈದು ವರ್ಷ ಮುಂದುವರಿಸಿದರೆ 2032. ನನಗೆ 58 ಆಗೋ ವರ್ಷ. ಉಳಿದ ಚಿಲ್ಲರೆ ಆರ್‌ಡಿಗೆ.

ಪಿಪಿಎಫ್‌ಗೆ ಐದನೇ ತಾರೀಖಿನೊಳಗೆ ದುಡ್ಡು ಬಿದ್ದರೆ ಮಾತ್ರ ಆ ತಿಂಗಳ ಬಡ್ಡಿ ಸಿಗುತ್ತೆ. ಹಾಗಾಗಿ ನಾಲ್ಕನೇ ತಾರೀಖು ರಾತ್ರಿ ಊಟ ಆದಮೇಲೆ ಈಗಲೂ ಇವರಿಗೆ ನೆನಪು ಮಾಡುತ್ತೇನೆ. ಹೋದ ತಿಂಗಳು ಅಪ್ಪ ನಮ್ಮ ಮನೆಯಲ್ಲೇ ಇದ್ದರು. "ರೀ, ನಾಳೆ ಐದನೇ ತಾರೀಖು" ಅಂದೆ. ಅಪ್ಪ ಪೇಪರಿನಿಂದ ತಲೆ ಎತ್ತಿದರು.

"ಸಾಲ ತೀರ್ತಲ್ಲಮ್ಮ. ಇನ್ನೂ ಯಾರಿಗೆ ಕಟ್ತಿದ್ದೀಯ?"

"ನಂಗೇ ಅಪ್ಪ" ಅಂದೆ. ಅವರಿಗೆ ಅರ್ಥ ಆಯಿತೋ ಇಲ್ಲವೋ. "ಹ್ಞೂಂ" ಅಂದು ಪೇಪರ್ ತಿರುವಿದರು.